ಗಿರಣಿ ಕಾಕಾರ ತಕ್ಕಡಿ: ಒಂದು ಹಾಸ್ಯ ದೃಶ್ಯದ ಪ್ರಕರಣ

ನಾಟಕದ ಪುಸ್ತಕದ 47ನೇ ಪುಟದಲ್ಲಿ ಬರೆದಿದ್ದು ಇಷ್ಟೇ: "ಇಲ್ಲಿ ಹಾಸ್ಯ." ಅದರ ಕೆಳಗೆ ಅರ್ಧ ಪುಟ ಖಾಲಿ. ಹಳ್ಳಿ ನಾಟಕದ ಪುಸ್ತಕ ನೋಡಿದವರಿಗೆ ಇದು ಹೊಸದಲ್ಲ. ನಾಯಕನ ಮಾತು, ಖಳನಾಯಕನ ಮಾತು, ತಾಯಿಯ ಅಳು ಎಲ್ಲವೂ ಅಕ್ಷರ ಬಿಡದೆ ಬರೆದಿರುತ್ತದೆ. ಹಾಸ್ಯಗಾರನಿಗೆ ಮಾತ್ರ ಜಾಗ ಬಿಟ್ಟಿರುತ್ತಾರೆ. ಊರು ನೋಡಿ, ಆ ವರ್ಷದ ಸುದ್ದಿ ನೋಡಿ ಅವನೇ ತುಂಬಿಕೊಳ್ಳಬೇಕು.

2025ರ ಮಾರ್ಚ್‌ನಲ್ಲಿ ನಮ್ಮೂರ ಜಾತ್ರೆಯ ನಾಟಕ ನಿಂತಿದ್ದು ಆ ಖಾಲಿ ಅರ್ಧ ಪುಟದಲ್ಲೇ. ನಾನು ಸೈಡ್ ವಿಂಗಿನಲ್ಲಿ ಟಾರ್ಚ್ ಹಿಡಿದು ಕೂತಿದ್ದ ಪ್ರಾಂಪ್ಟರ್. ಹಗಲು ಹೈಸ್ಕೂಲು ಮಾಸ್ತರ. ಅವತ್ತು ಏನಾಯಿತು, ಯಾಕಾಯಿತು ಅಂತ ಊರಿನಲ್ಲಿ ಹತ್ತು ಥರ ಹೇಳುತ್ತಾರೆ. ನಾನು ಕಣ್ಣಾರೆ ನೋಡಿದ್ದನ್ನು, ಆಮೇಲೆ ತಿಳಿದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನನ್ನ ತಪ್ಪೂ ಇದರಲ್ಲಿದೆ.

ಊರು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಂಡೆಗೆ ಹತ್ತಿರ. ಹೆಸರು ಬರೆಯುವುದಿಲ್ಲ. ಈ ಕಥೆಯಲ್ಲಿ ಬರುವವರೆಲ್ಲ ಇನ್ನೂ ಒಂದೇ ಓಣಿಯಲ್ಲಿ ಓಡಾಡುವವರು.

ಕಾಕಾ ಯಾರು

ಎಲ್ಲರೂ ಅವರನ್ನು ಗಿರಣಿ ಕಾಕಾ ಅಂತಲೇ ಕರೆಯುತ್ತಾರೆ. ಅರವತ್ತೈದು ದಾಟಿದೆ. ಊರ ಹಿಟ್ಟಿನ ಗಿರಣಿ ಅವರದು. ಓದಿದ್ದು ನಾಲ್ಕನೇ ಇಯತ್ತೆ. ನಲವತ್ತು ವರ್ಷದಿಂದ ಜಾತ್ರೆ ನಾಟಕದಲ್ಲಿ ಹಾಸ್ಯದ ಪಾತ್ರ ಅವರಿಗೇ ಮೀಸಲು. ಒಂದು ರೂಪಾಯಿ ಸಂಭಾವನೆ ತೆಗೆದುಕೊಂಡವರಲ್ಲ.

ಹಾಸ್ಯಕ್ಕೆ ಬೇಕಾದ ಸರಕು ಅವರಿಗೆ ಗಿರಣಿಯಲ್ಲೇ ಸಿಗುತ್ತದೆ. ಜೋಳದ ಬುಟ್ಟಿ ಹೊತ್ತು ಬಂದವರು ಪಾಳಿ ಬರುವ ತನಕ ಕೂರಲೇಬೇಕು. ಕೂತವರು ಮಾತಾಡಲೇಬೇಕು. ಮೋಟರ್ ಸದ್ದಿಗೆ ಎಲ್ಲರೂ ಜೋರಾಗಿಯೇ ಮಾತಾಡಬೇಕು. ಯಾರ ಪಿಂಚಣಿ ನಿಂತಿತು, ಯಾರ ಹೊಲದ ಪಹಣಿಯಲ್ಲಿ ಹೆಸರು ತಪ್ಪಿತು, ಯಾವ ಆಫೀಸಿನಲ್ಲಿ ಎಷ್ಟು ಸಲ ಅಲೆದಾಡಿಸಿದರು, ಎಲ್ಲ ಮೊದಲು ಕಾಕಾರ ಕಿವಿಗೆ ಬೀಳುತ್ತದೆ. ಅವರು ಹಿಟ್ಟು ಹಿಡಿಯುತ್ತಾ ಸುಮ್ನೆ ಕೇಳಿಸಿಕೊಳ್ಳುತ್ತಾರೆ. ಆರು ತಿಂಗಳು ಬಿಟ್ಟು ಅದೇ ಮಾತು ಸ್ಟೇಜಿನ ಮೇಲೆ ಬರುತ್ತದೆ.

ಒಮ್ಮೆ ಚುನಾವಣೆ ಸಮಯದಲ್ಲಿ ಗಿರಣಿ ಕಲ್ಲು ಬಿಚ್ಚಿ ಉಳಿ ಹೊಡೆಯುತ್ತಾ ಕೂತಿದ್ದರು. ವೋಟು ಕೇಳಲು ಬಂದವರೊಬ್ಬರು, "ಏನ್ ಕಾಕಾ, ಕೆಲಸ ಜೋರದ?" ಅಂದರು. ಕಾಕಾ ತಲೆ ಎತ್ತದೆ ಹೇಳಿದ್ದು: "ಕಲ್ಲಿಗಿ ತಿಂಗಳಿಗೊಮ್ಮಿ ಉಳಿ ಹೊಡಿಲಿಲ್ಲ ಅಂದ್ರ ಹಿಟ್ಟು ತರಿ ಬೀಳ್ತದ್ರಿ. ನಿಮಗ ನೋಡ್ರಿ, ಐದು ವರ್ಷಕ್ಕೊಮ್ಮಿ ಹೊಡಿತೀವಿ." ಬಂದವರೂ ನಕ್ಕರು. ಕಾಕಾರ ಮಾತಿನ ಗುಣವೇ ಅದು. ಏಟು ತಿಂದವನಿಗೂ ನಗಲು ಒಂದು ದಾರಿ ಬಿಟ್ಟಿರುತ್ತಾರೆ.

ಗುರು ಯಾರು ಅಂತ ಕೇಳಿದರೆ ಇಬ್ಬರ ಹೆಸರು ಹೇಳುತ್ತಾರೆ. ಒಬ್ಬರು ಅವರ ಅಪ್ಪ. ಅಪ್ಪ ದೊಡ್ಡಾಟದಲ್ಲಿ ಸಾರಥಿ ಪಾತ್ರ ಮಾಡುತ್ತಿದ್ದರು. ದೊಡ್ಡಾಟ ನೋಡಿದವರಿಗೆ ಗೊತ್ತು, ರಾಜ ಕಿರೀಟ ಹೊತ್ತು ಕುಣಿಯುತ್ತಾ ಬಂದರೂ ಮೊದಲು ಸಾರಥಿಯ ಪ್ರಶ್ನೆಗೆ ಉತ್ತರ ಕೊಡಬೇಕು. ನೀವು ಯಾರು, ಯಾವ ಊರು, ಬಂದ ಕೆಲಸ ಏನು. ರಾಜನನ್ನು ನಿಲ್ಲಿಸಿ ಕೇಳುವ ಹಕ್ಕು ಇಡೀ ರಂಗದ ಮೇಲೆ ಆ ಒಬ್ಬನಿಗಿದೆ. ಕಾಕಾ ಅದನ್ನು ನೋಡುತ್ತಲೇ ಬೆಳೆದವರು.

ಇನ್ನೊಬ್ಬರು ಮಾಸ್ಟರ್ ಹಿರಣ್ಣಯ್ಯ. ಅವರನ್ನು ಕಾಕಾ ಎದುರಿಗೆ ನೋಡಿಲ್ಲ, ಕ್ಯಾಸೆಟ್ಟಿನಲ್ಲಿ ಕೇಳಿದ್ದಾರೆ. 1934ರಲ್ಲಿ ಮೈಸೂರಿನಲ್ಲಿ ಹುಟ್ಟಿದ ನರಸಿಂಹಮೂರ್ತಿ, ತಂದೆ ಕೆ. ಹಿರಣ್ಣಯ್ಯನವರ ಹೆಸರನ್ನೇ ಹೊತ್ತು, ಹಿರಣ್ಣಯ್ಯ ಮಿತ್ರ ಮಂಡಳಿಯನ್ನು ನಡೆಸಿ, 'ಲಂಚಾವತಾರ' ನಾಟಕವನ್ನು ಸಾವಿರಾರು ಸಲ ಆಡಿದವರು. 2019ರ ಮೇ 2ರಂದು ತೀರಿಕೊಂಡರು. ಅವರ ನಾಟಕಕ್ಕೆ ಜನ ಮತ್ತೆ ಮತ್ತೆ ಹೋಗುತ್ತಿದ್ದದ್ದು ಕಥೆಗಲ್ಲ. ಆ ದಿನದ ರಾಜಕೀಯ ಆ ದಿನವೇ ಸಂಭಾಷಣೆಯೊಳಗೆ ಬರುತ್ತಿತ್ತು, ಅದನ್ನು ಕೇಳಲು ಹೋಗುತ್ತಿದ್ದರು. ಅಧಿಕಾರದಲ್ಲಿದ್ದವರನ್ನು ಸ್ಟೇಜಿನಿಂದಲೇ ಝಾಡಿಸುತ್ತಿದ್ದರು. ಕಾಕಾ ಆ ಕ್ಯಾಸೆಟ್ಟುಗಳನ್ನು ಟೇಪು ಸವೆಯುವ ತನಕ ಕೇಳಿದ್ದಾರೆ. ಪುಸ್ತಕ ಬಿಟ್ಟು ಹೊರಗೆ ಹೋಗಿ, ನಾಲ್ಕು ಮಾತಾಡಿ, ದಾರಿ ತಪ್ಪದೆ ಕಥೆಗೆ ವಾಪಸ್ ಬರುವುದನ್ನು ಕಲಿತದ್ದು ಅಲ್ಲಿಂದ.

ಆದರೆ ಒಂದು ವ್ಯತ್ಯಾಸ ಇದೆ, ಈ ಪ್ರಕರಣಕ್ಕೆ ಅದು ಮುಖ್ಯ. ಕಂಪನಿ ನಾಟಕದವರು ಕ್ಯಾಂಪ್ ಮುಗಿಸಿ ಮುಂದಿನ ಊರಿಗೆ ಹೋಗುತ್ತಾರೆ. ಕಾಕಾ ಬೆಳಿಗ್ಗೆ ಎದ್ದು ಅದೇ ಊರಿನಲ್ಲಿ ಗಿರಣಿಯ ಬಾಗಿಲು ತೆಗೆಯಬೇಕು.

ದೃಶ್ಯ ಮೊದಲು ಹೇಗಿತ್ತು

ತಕ್ಕಡಿ ಹಾಸ್ಯ ಹೊಸದಲ್ಲ. ಇಪ್ಪತ್ತು ವರ್ಷದಿಂದ ನಡೆದು ಬಂದದ್ದು. ಪೂರ್ತಿ ಆಡಿದರೆ ಇಪ್ಪತ್ತೈದು ನಿಮಿಷ.

ಮೊದಲ ಹತ್ತು ನಿಮಿಷ ಗಿರಣಿಯದು. ಕಾಕಾ ಒಳಗೆ ಬಂದು ಧೋತರ ಜಾಡಿಸುತ್ತಾರೆ. ಲೈಟಿನ ಬೆಳಕಿನಲ್ಲಿ ಹಿಟ್ಟು ಹೊಗೆಯ ಹಾಗೆ ಏಳುತ್ತದೆ. ಹುಬ್ಬು, ಕಣ್ಣಿನ ರೆಪ್ಪೆ, ಕಿವಿಯ ಕೂದಲು ಎಲ್ಲ ಬಿಳಿ. ಬಣ್ಣ ಹಚ್ಚುವವನಿಗೆ ಅಲ್ಲಿ ಕೆಲಸವೇ ಇಲ್ಲ, ಅದು ನಿಜವಾದ ಜೋಳದ ಹಿಟ್ಟು. ಒಂದು ಬೆರಳಿನಿಂದ ತೋಳಿನ ಮೇಲಿನ ಹಿಟ್ಟು ತೆಗೆದು ನಾಲಿಗೆಗೆ ಹಚ್ಚಿ, "ಇದು ಗೌಡ್ರ ಮನೀದು" ಅನ್ನುತ್ತಾರೆ. ಎದೆಯ ಮೇಲಿನದು ತೆಗೆದು, "ಇದು ಕೆಳಗಿನ ಓಣೀದು." ಆಮೇಲೆ ಜನರ ಕಡೆ ತಿರುಗಿ ಕೈಮುಗಿದು: "ನಮ್ಮ ಹೊಲ್ದಾಗ ಒಂದು ತೆನಿ ಜ್ವಾಳ ಬೆಳಿಯಂಗಿಲ್ರಿ. ರೊಟ್ಟಿ ಮಾತ್ರ ಮನ್ಯಾಗ ದಿನಾ ಆಗ್ತಾವ."

ಹೆಂಗಸರ ಕಡೆಯಿಂದ ಮೊದಲ ನಗು ಬರುವುದು ಅಲ್ಲಿ. ಗಿರಣಿಯವನು ಹಿಟ್ಟು ಉಳಿಸಿಕೊಳ್ಳುತ್ತಾನೆ ಅನ್ನುವುದು ಎಲ್ಲ ಊರಿನ ಹೆಂಗಸರ ಹಳೇ ದೂರು, ಅಲ್ವಾ? ಅದನ್ನು ಕಾಕಾ ತಾವೇ ಒಪ್ಪಿಕೊಂಡು ಬಿಡುತ್ತಾರೆ. ಮೊದಲ ಕಳ್ಳ ನಾನೇ ಅಂದಮೇಲೆ ಬೇರೆಯವರ ಹೆಸರು ಹೇಳಲು ಅವರಿಗೆ ದಾರಿ ತೆರೆದ ಹಾಗೆ.

ಆಮೇಲೆ ತೂಕದ ದೃಶ್ಯ. ಗಿರಣಿಯ ಹಳೇ ತಕ್ಕಡಿ ಸ್ಟೇಜಿಗೆ ಬರುತ್ತದೆ. ಕಾಕಾ ತೂಗುವ ಸಾಹೇಬ, ಜೊತೆಗಾರ ರೈತ. ಸಾಹೇಬನ ದನಿಯಲ್ಲಿ ಅರ್ಧ ಉರ್ದು. 1948ರ ತನಕ ನಮ್ಮ ಭಾಗ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಕಚೇರಿ ಭಾಷೆ ಉರ್ದು. ಇವತ್ತಿಗೂ ಸ್ಟೇಜಿನ ಮೇಲೆ ಯಾರಾದರೂ "ಅರೇ ಭಾಯ್, ಕಾಗದ್ ಲಾವ್" ಅಂದರೆ ಸಾಕು, ಅಧಿಕಾರಿ ಬಂದ ಅಂತ ಮಕ್ಕಳಿಗೂ ತಿಳಿಯುತ್ತದೆ.

ಆ ವರ್ಷ ಕಾಕಾ ಆ ದೃಶ್ಯವನ್ನು ತೊಗರಿ ಖರೀದಿ ಕೇಂದ್ರಕ್ಕೆ ತಂದಿದ್ದರು. ಕಲಬುರಗಿಯಲ್ಲಿ ತೊಗರಿ ಅಂದರೆ ವರ್ಷದ ಲೆಕ್ಕಾಚಾರ. ಮಗಳ ಮದುವೆ, ಸೊಸೈಟಿ ಸಾಲ, ಹುಡುಗರ ಫೀಸು, ಎಲ್ಲ ಅದರ ಮೇಲೆ. 2024-25ರ ಬೆಂಬಲ ಬೆಲೆ ಕ್ವಿಂಟಲಿಗೆ 7,550 ರೂಪಾಯಿ. ತೇವಾಂಶ ನೂರಕ್ಕೆ 12 ದಾಟಬಾರದು. 50 ಕಿಲೋ ಗೋಣಿಚೀಲದ ಸ್ವಂತ ತೂಕ ಸುಮಾರು 580 ಗ್ರಾಂ. ಆದರೆ ಚೀಲಕ್ಕೆ ಅಂತ ಒಂದು ಕಿಲೋ ಮುರಿದುಕೊಳ್ಳುತ್ತಾರೆ ಅನ್ನುವುದು ಆ ಹಂಗಾಮಿನಲ್ಲಿ ಗಿರಣಿಗೆ ಬಂದವರೆಲ್ಲ ಆಡುತ್ತಿದ್ದ ಮಾತು. ಅದು ನಿಜ ಅಂತ ಇಟ್ಟುಕೊಂಡರೆ ಚೀಲಕ್ಕೆ 420 ಗ್ರಾಂ ಹೋಯಿತು. ಹತ್ತು ಕ್ವಿಂಟಲ್ ಅಂದರೆ ಇಪ್ಪತ್ತು ಚೀಲ, 8 ಕಿಲೋ 400 ಗ್ರಾಂ, 634 ರೂಪಾಯಿ. ಒಂದು ಮನೆಗೆ 634 ರೂಪಾಯಿ. ಜಗಳ ಆಡಿದರೆ ಕಡಿಮೆ, ಸುಮ್ಮನಿದ್ದರೆ ಜಾಸ್ತಿ. ಇಂಥ ಮೊತ್ತವನ್ನು ಜನ ನುಂಗಿಕೊಂಡು ಗಿರಣಿಯಲ್ಲಿ ಬೈದುಕೊಳ್ಳುತ್ತಾರೆ.

ಕಾಕಾ ಅದನ್ನು ಹೀಗೆ ಆಡಿದರು.

"ಸಾಹೇಬ್ರ, ಚೀಲಕ್ಕ ಒಂದು ಕಿಲೋ ಯಾಕ್ರಿ ಮುರಿತೀರಿ? ಚೀಲ ನೀವೇ ಕೊಟ್ಟಿದ್ರಲ್ಲ."

"ಕೊಟ್ಟಾಗ ಖಾಲಿ ಇತ್ತೋ. ಈಗ ತುಂಬೇದ, ಅದಕ್ಕ ವಜ್ಜಿ ಆಗೇದ."

"ತೊಗರಿ ಹಸಿ ಅದ ಅಂತ ಬರದೀರಿ. ಹದಿನೈದು ದಿನ ಮಾಳಗಿ ಮ್ಯಾಲ ಒಣಗಿಸೀನ್ರಿ."

"ತೊಗರಿ ಒಣಗೇದ. ಅಳಕೋತ ಬಂದೀಯಲ್ಲ, ಆ ಕಣ್ಣೀರು ಮಷಿನ್‌ದಾಗ ತೋರಸ್ಲತ್ತದ."

ಕೊನೆಗೆ ಅವರ ಹೆಸರಾದ ಆಟ. ಮುಖ ಆಕಾಶದ ಕಡೆ, ಬಾಯಲ್ಲಿ ಶಿವನಾಮ, ಬಲಗಾಲು ಮೆಲ್ಲಗೆ ನೆಲ ಎಳೆಯುತ್ತಾ ಹೋಗಿ ಹೆಬ್ಬೆರಳು ತಕ್ಕಡಿಯ ತಟ್ಟೆಯ ಮೇಲೆ ಕೂರುತ್ತದೆ. ತಟ್ಟೆ ಕೆಳಗೆ ಇಳಿಯುತ್ತದೆ. ಕಾಕಾ ಗಾಬರಿಯಾದವರಂತೆ ಕಾಲನ್ನೇ ಬೈಯುತ್ತಾರೆ.

ಆ ರಾತ್ರಿ

ಒಂಬತ್ತೂವರೆಗೆ ಶುರು ಆಗಬೇಕಿದ್ದ ನಾಟಕ ಶುರು ಆದದ್ದು ಹನ್ನೊಂದಕ್ಕೆ. ದಾನ ಕೊಟ್ಟವರ ಸತ್ಕಾರಕ್ಕೇ ಮುಕ್ಕಾಲು ಗಂಟೆ ಹೋಯಿತು. ಶಾಲು, ಹಾರ, ಫೋಟೊ, ಮತ್ತೆ ಶಾಲು. ಮೈಕಿನ ಚಿಂತೆ ಬೇರೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಹಾಕುವಂತಿಲ್ಲ. ಜಾತ್ರೆ ಅಂತ ದನಿ ತಗ್ಗಿಸಿ ನಡೆಸುತ್ತಾ ಬಂದಿದ್ದೆವು. ಹನ್ನೆರಡೂವರೆಗೆ, ಜಲ್ದಿ ಮುಗಿಸಿ ಅಂತ ಫೋನು ಬಂತು.

ಒಂದು ಗಂಟೆಗೆ ಕಾಕಾರ ಪ್ರವೇಶ. ನಾನು ವಿಂಗಿನಲ್ಲಿ ಅವರ ಕೈ ಹಿಡಿದು ಹೇಳಿದೆ: "ಕಾಕಾ, ಹತ್ತು ನಿಮಿಷದಾಗ ಮುಗಸ್ರಿ." ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ಆಯ್ತು ಮಾಸ್ತರ್ರ" ಅಂದರು. ಗಿರಣಿಯ ಭಾಗ ಪೂರ್ತಿ ಬಿಟ್ಟು ನೇರ ತಕ್ಕಡಿಗೆ ಹೋದರು.

ನಗು ಬಂತು, ಆದರೆ ಆ ನಗುವಿನ ದನಿಯೇ ಬೇರೆ ಇತ್ತು. ಹಿಂದಿನ ಸಾಲಿನ ಹುಡುಗರು ಮಾತ್ರ ಕೇಕೆ ಹೊಡೆಯುತ್ತಿದ್ದರು. ಹೆಬ್ಬೆರಳು ತಟ್ಟೆಯ ಮೇಲೆ ಬಿದ್ದ ಕೂಡಲೇ ಅವರಲ್ಲೊಬ್ಬ ಒಂದು ಹೆಸರು ಕೂಗಿದ. ಆ ಹಂಗಾಮಿನಲ್ಲಿ ಖರೀದಿ ಕೇಂದ್ರದಲ್ಲಿ ತೂಕಕ್ಕೆ ನಿಂತಿದ್ದ ನಮ್ಮೂರ ಹುಡುಗನ ಹೆಸರು.

ಮುಂದಿನ ಸಾಲಿನಲ್ಲಿ ಆ ಹುಡುಗನ ದೊಡ್ಡಪ್ಪ ಕೂತಿದ್ದರು. ಊರ ಸಾವ್ಕಾರ್ರು. ನಾಟಕಕ್ಕೆ 5,100 ರೂಪಾಯಿ ಬರೆಸಿದ್ದರು, ಹೆಗಲ ಮೇಲೆ ನಾವು ಹೊದಿಸಿದ ಶಾಲು ಹಾಗೇ ಇತ್ತು. ಎದ್ದು ಶಾಲು ತೆಗೆದು ಸ್ಟೇಜಿನ ಮೇಲೆ ಇಟ್ಟರು. ಎಸೆಯಲಿಲ್ಲ, ಮಡಚಿ ಇಟ್ಟರು. "ನಾಟಕ ನಿಂದ್ರಸ್ರಿ" ಅಂದರು. ಅವರ ಕಡೆಯವರು ಮೈಕಿನ ವೈರು ಕಿತ್ತರು. ನಾವು ಪರದೆ ಬಿಟ್ಟೆವು.

ಇಪ್ಪತ್ತು ನಿಮಿಷ ಪರದೆಯ ಎರಡೂ ಕಡೆ ಗದ್ದಲ. ಕಮಿಟಿಯವರು ಕಾಕಾಗೆ ಮಾಫಿ ಕೇಳಿ ಮುಗಿಸಿಬಿಡಿ ಅಂದರು. ಹುಡುಗರು ಕೇಳಲೇಬಾರದು ಅಂದರು. ಕಾಕಾ ಒಂದು ಟ್ರಂಕಿನ ಮೇಲೆ ಕೂತು ಟಾವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. "ತೂಕದ್ದು ಖರೇ ಅದ. ಖರೇ ಮಾತಿಗಿ ಮಾಫಿ ಕೇಳಿದ್ರ ನಾಳಿಗಿ ಗಿರಣಿಗಿ ಬಂದವರ ಮುಖ ಹ್ಯಾಂಗ ನೋಡ್ಲಿ?" ಅಂದರು.

ಆಗ ನಾಯಕಿ ಪಾತ್ರಕ್ಕೆ ಬಾಗಲಕೋಟೆ ಕಡೆಯಿಂದ ಬಂದಿದ್ದ ಅಕ್ಕ ಮಾತಾಡಿದರು. ಹದಿನೈದು ವರ್ಷ ಕಂಪನಿಗಳಲ್ಲಿ ದುಡಿದವರು. "ಮಾಫಿ ಗೀಫಿ ಆಮ್ಯಾಲ. ಪರದಿ ಬಿದ್ದಾಗ ಮೊದ್ಲು ಹೊರಗ ಹೋಗಾಂವ ಹಾಸ್ಯಗಾರ. ನೀವು ಹೋಗ್ರಿ ಕಾಕಾ, ಮೈಕ್ ಬ್ಯಾಡ."

ಕಾಕಾ ಎದ್ದರು. ಪರದೆ ಸರಿಸಿ ಮುಂದೆ ಹೋಗಿ ನಿಂತು, ಏನೂ ಮಾತಾಡದೆ ಧೋತರ ಜಾಡಿಸಿದರು. ಹಿಟ್ಟು ಎದ್ದಿತು. ಬೆರಳಿನಿಂದ ತೋಳು ಒರೆಸಿ ನಾಲಿಗೆಗೆ ಹಚ್ಚಿದರು. "ಇದು ಗೌಡ್ರ ಮನೀದು." ಮೈಕಿಲ್ಲದ ದನಿ ಕೇಳಲು ಜನ ಸುಮ್ಮನಾದರು. ನಾನು ಕಡಿತ ಮಾಡಿಸಿದ್ದ ಹತ್ತು ನಿಮಿಷವನ್ನು ಕಾಕಾ ಆಗ ಆಡಿದರು. "ರೊಟ್ಟಿ ಮಾತ್ರ ಮನ್ಯಾಗ ದಿನಾ ಆಗ್ತಾವ" ಅನ್ನುವ ಹೊತ್ತಿಗೆ ಹೆಂಗಸರ ಮಧ್ಯದಿಂದ ಒಬ್ಬ ಅಜ್ಜಿ ಎದ್ದು ಕೂಗಿದಳು: "ಹೌದೇನೋ ಭಾಡ್ಯಾ, ಹೋದ ವಾರ ನನ್ನ ಪುಟ್ಯಾಗಿನ ಹಿಟ್ಟು ಕಡಿಮಿ ಇತ್ತು, ಈಗ ತಿಳೀತು!" ಇಡೀ ಊರು ಬಿದ್ದು ಬಿದ್ದು ನಕ್ಕಿತು.

ನಾಟಕ ಮುಂದುವರಿಯಿತು, ನಾಲ್ಕು ಗಂಟೆಗೆ ಮುಗಿಯಿತು. ಆದರೆ ಸಾವ್ಕಾರ್ರು ಅಷ್ಟರಲ್ಲಿ ಎದ್ದು ಹೋಗಿದ್ದರು. 5,100 ಬರಲಿಲ್ಲ. ಸೀನರಿಯವರಿಗೆ, ಕ್ಯಾಶಿಯೋ ಮತ್ತು ತಬಲಾದವರಿಗೆ ಕೊಡಬೇಕಿತ್ತು. ನಾವು ಹದಿನೇಳು ಜನ ತಲಾ 300 ಹಾಕಿ ತುಂಬಿದೆವು.

ನಾವು ತಪ್ಪು ತಿಳಿದದ್ದು

ಅವತ್ತು ಎಲ್ಲರೂ ಅಂದುಕೊಂಡದ್ದು ಒಂದೇ: ಕಳ್ಳತನದ ಮಾತು ಸಾವ್ಕಾರ್ರಿಗೆ ತಾಗಿತು. ನಾನೂ ಹಾಗೇ ನಂಬಿದ್ದೆ. ಮರುದಿನ ಬೆಳಿಗ್ಗೆ ಆ ಹುಡುಗನ ತಾಯಿ ಗಿರಣಿಗೆ ಬಂದರು. ಬುಟ್ಟಿ ತಂದಿರಲಿಲ್ಲ. ನಾನು ಅಲ್ಲೇ ಇದ್ದೆ.

"ಕಾಕಾ, ನನ್ನ ಮಗನ ಕಾಲು ನಿಮಗ ನಗಿ ಆಯ್ತೇನ್ರಿ?" ಅಂದರು.

ಆ ಹುಡುಗನಿಗೆ ಎರಡು ವರ್ಷದ ಹಿಂದೆ ಟ್ರ್ಯಾಕ್ಟರ್ ಅಪಘಾತವಾಗಿತ್ತು. ಬಲಗಾಲು ನೆಲ ಎಳೆದುಕೊಂಡೇ ನಡೆಯುತ್ತಾನೆ. ಕಾಕಾರ ಆಟದಲ್ಲೂ ಬಲಗಾಲು, ಅದೇ ಎಳೆತ. ಇಪ್ಪತ್ತು ವರ್ಷದ ಹಳೇ ಆಟ ಅದು, ಹುಡುಗನ ಗಾಯಕ್ಕಿಂತ ಎಷ್ಟೋ ಹಳೆಯದು. ಆದರೆ ಹಿಂದಿನಿಂದ ಹೆಸರು ಕೂಗಿದ ಕ್ಷಣದಲ್ಲಿ ಅದು ಅವನ ಕಾಲೇ ಆಗಿಹೋಯಿತು. ಕಾಕಾಗೆ ಅದು ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ. ದಿನಾ ನೋಡುವ ಹುಡುಗ, ಆದರೂ.

ಕಾಕಾ ಮೋಟರ್ ಬಂದ್ ಮಾಡಿದರು. ಪಾಳಿಯಲ್ಲಿದ್ದವರನ್ನು ಬಿಟ್ಟು ಆ ತಾಯಿಯ ಹಿಂದೆಯೇ ಅವರ ಮನೆಗೆ ನಡೆದರು. ಹಿಂದಿನ ರಾತ್ರಿ ಊರೆಲ್ಲ ಸೇರಿ ಕೇಳಿದರೂ ಕೊಡದ ಮಾಫಿಯನ್ನು ಆ ಹುಡುಗನ ಮುಂದೆ ನೆಲದ ಮೇಲೆ ಕೂತು ಕೇಳಿದರು. "ತಕ್ಕಡಿಗಿ ಕೇಳಂಗಿಲ್ಲಪಾ. ನಿನ್ನ ಕಾಲಿಗಿ ಕೇಳ್ತೀನಿ" ಅಂದರು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ ಮಾತು ನನಗೆ ಈ ಇಡೀ ಪ್ರಕರಣದಲ್ಲೇ ದೊಡ್ಡದು ಅನಿಸುತ್ತದೆ. "ಕಾಕಾ, ನಿಮ್ಮ ಆಟ ಹಳೇದಾಗ್ಯದ್ರಿ. ಈಗ ಅಲ್ಲಿ ತಕ್ಕಡಿ ಇಲ್ಲ, ಕರೆಂಟ್ ಕಾಟಾ ಅದ. ವರ್ಷಕ್ಕೊಮ್ಮಿ ಮುದ್ರಿ ಹಾಕ್ತಾರ. ಅದರ ಮ್ಯಾಲ ಬೆರಳಿಟ್ರ ನಂಬರು ಎಲ್ಲಾರಿಗೂ ಕಾಣ್ತದ. ಕಾಟಾ ಸುಳ್ಳು ಹೇಳಂಗಿಲ್ಲ. ಪೆನ್ನು ಹೇಳ್ತದ. ನಾ ನಂಬರು ಕೂಗ್ತೀನಿ ಅಷ್ಟೇ. ಬರಿಯೋರು ಬ್ಯಾರೆ, ಮುರಿಯೋರು ಬ್ಯಾರೆ. ನನಗ ದಿನಗೂಲಿ."

ಮನೆಗೆ ಬರುವಾಗ ಕಾಕಾ ದಾರಿಯುದ್ದಕ್ಕೂ ಮಾತಾಡಲಿಲ್ಲ. ನನಗನಿಸಿದ್ದು ಹೇಳುತ್ತೇನೆ. ಅವರ ಕೋಪ ಸರಿಯಾಗಿಯೇ ಇತ್ತು, ಗುರಿ ತಪ್ಪಿತ್ತು. ನಿಜವಾಗಿ ತೂಕ ಕದಿಯುವ ಜಾಗ ತಟ್ಟೆಯಿಂದ ಪುಸ್ತಕಕ್ಕೆ ಹೋಗಿತ್ತು. ಆಟ ಮಾತ್ರ ತಟ್ಟೆಯ ಹತ್ತಿರವೇ ನಿಂತಿತ್ತು. ಅದಕ್ಕೇ ಏಟು ಹೋಗಿ ಎಲ್ಲರಿಗಿಂತ ಕೆಳಗೆ ನಿಂತ ದಿನಗೂಲಿಯವನಿಗೆ ಬಿತ್ತು. ಅದರ ಮೇಲೆ ನಾನು ಗಿರಣಿಯ ಭಾಗ ಕಡಿತ ಮಾಡಿಸಿದೆ. ಕಾಕಾ ತಮ್ಮನ್ನು ತಾವು ಮೊದಲು ತೂಗಿಕೊಳ್ಳುವ ಭಾಗ ಅದು. ಅದಿಲ್ಲದೆ ಆಟ ಬರೀ ಬೆರಳು ತೋರಿಸುವುದಾಯಿತು. ಸಮಯ ಉಳಿಸಬೇಕಿದ್ದರೆ ಶಾಲು ಹೊದಿಸುವುದರಲ್ಲಿ ಉಳಿಸಬೇಕಿತ್ತು. ಅಲ್ಲಿ ಬಾಯಿ ಬಿಡಲು ನನಗೆ ಧೈರ್ಯ ಇರಲಿಲ್ಲ.

ಸಾವ್ಕಾರ್ರ ಕಡೆಯ ಎಂಟು ಹತ್ತು ಮನೆಯವರು ಮೂರು ತಿಂಗಳು ಪಕ್ಕದ ಊರಿನ ಗಿರಣಿಗೆ ಹೋದರು. ಮಳೆಗಾಲದಲ್ಲಿ ದಾರಿ ಕೆಸರಾದ ಮೇಲೆ ಒಬ್ಬೊಬ್ಬರೇ ವಾಪಸ್ ಬಂದರು. ಸಾವ್ಕಾರ್ರು ಇನ್ನೂ ಕಾಕಾ ಜೊತೆ ಮಾತಾಡುವುದಿಲ್ಲ.

ದಸರಾಕ್ಕೆ ಪಕ್ಕದ ಊರಿನವರು ಅದೇ ನಾಟಕ ಕೇಳಿದರು. ಕಾಕಾ ಬಡಿಗ್ಯಾರ ಕೈಯಲ್ಲಿ ಎರಡು ಅಡಿ ಉದ್ದದ ಕಟ್ಟಿಗೆ ಪೆನ್ನು ಮಾಡಿಸಿದರು, ನೀಲಿ ಬಣ್ಣದ್ದು. ಒಳಗೆ ಕಬ್ಬಿಣದ ಸಲಾಕೆ ತುಂಬಿಸಿದರು. ತಕ್ಕಡಿಯ ಒಂದು ತಟ್ಟೆಯಲ್ಲಿ ತೊಗರಿಯ ಚಿಕ್ಕ ಚೀಲ, ಇನ್ನೊಂದರಲ್ಲಿ ಪೆನ್ನು. ಕೈಬಿಟ್ಟ ಕೂಡಲೇ ಪೆನ್ನಿನ ತಟ್ಟೆ ನೆಲಕ್ಕೆ ಬಡಿಯಿತು, ಚೀಲ ಮೇಲಕ್ಕೆ ಹಾರಿತು. ಕಾಕಾ ಏನೂ ಮಾತಾಡಲಿಲ್ಲ. ಪೆನ್ನು ಎತ್ತಿ ಕಿವಿಯ ಹಿಂದೆ ಸಿಕ್ಕಿಸಿಕೊಳ್ಳಲು ನೋಡಿದರು, ಅದರ ಭಾರಕ್ಕೆ ತಲೆ ವಾಲಿತು, ಹಾಗೇ ವಾಲಿಕೊಂಡು ಒಳಗೆ ಹೋದರು. ಗಂಡಸರು, ಹೆಂಗಸರು, ಹಿಂದಿನ ಸಾಲು, ಮುಂದಿನ ಸಾಲು, ಎಲ್ಲ ಕಡೆಯಿಂದ ಒನ್ಸ್ ಮೋರ್ ಬಂತು. ಆ ಹುಡುಗ ಸ್ಟೇಜಿನ ಪಕ್ಕದಲ್ಲೇ ನಿಂತಿದ್ದ. ತಕ್ಕಡಿ ಎತ್ತಿ ಇಡುವ ಕೆಲಸ ಅವನೇ ಕೇಳಿ ತೆಗೆದುಕೊಂಡಿದ್ದ.

ನನ್ನ ಪುಸ್ತಕದ 47ನೇ ಪುಟ ಈಗ ಖಾಲಿ ಇಲ್ಲ. "ಇಲ್ಲಿ ಹಾಸ್ಯ" ಅನ್ನುವುದರ ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ: "ಗಿರಣಿ ಮೊದಲು. ಪೂರ್ತಿ. ಎಷ್ಟು ತಡವಾಗಿದ್ದರೂ ಕಡಿತ ಇಲ್ಲ."